‘ಸುಮ್ನೆ ವಿಚಾರಣೆ’ ಅಂತ ಸ್ಟೇಷನ್ನಿಗೆ ಕರೆದರೆ ಕಾನೂನು ಏನು ಹೇಳುತ್ತದೆ?

“ಸ್ವಲ್ಪ ಸ್ಟೇಷನ್ ಹತ್ರ ಬಂದು ಹೋಗಿ, ಸುಮ್ನೆ ಒಂದು ವಿಚಾರಣೆ.” ಫೋನಿನಲ್ಲಿ ಇಷ್ಟು ಕೇಳಿದರೆ ಸಾಕು, ಎಂಥವರಿಗೂ ಎದೆ ಢವಢವ ಅನ್ನುತ್ತದೆ. ಹೋದವರಿಗೆ ಬೆಂಚ್ ತೋರಿಸುತ್ತಾರೆ. ಸಾಹೇಬರು ರೌಂಡ್ಸಿನಲ್ಲಿದ್ದಾರೆ, ಕಾಯಿರಿ ಅನ್ನುತ್ತಾರೆ. ಮೊಬೈಲ್ ಈಸಿಕೊಳ್ಳುತ್ತಾರೆ. ಕತ್ತಲಾಗುತ್ತದೆ. ಮನೆಯವರು ಹುಡುಕಿಕೊಂಡು ಬಂದರೆ, “ಅರೆಸ್ಟ್ ಏನೂ ಮಾಡಿಲ್ಲಮ್ಮ, ಕೂರಿಸಿಕೊಂಡಿದ್ದೀವಿ ಅಷ್ಟೇ” ಅನ್ನುವ ಉತ್ತರ ಬರುತ್ತದೆ.

ಹೀಗೆ ‘ಕೂರಿಸಿಕೊಳ್ಳುವುದು’ ಕಾನೂನಿನ ಯಾವ ಪುಟದಲ್ಲೂ ಇಲ್ಲ. ಸ್ಟೇಷನ್ನಿನಲ್ಲಿ ಕೂತಿರುವವರು ಒಂದೋ ತಾವಾಗೇ ಬಂದವರು, ಬೇಕಾದಾಗ ಎದ್ದು ಹೋಗಬಹುದು. ಇಲ್ಲವೇ ಲಿಖಿತ ನೋಟಿಸ್ ಮೇಲೆ ಬಂದವರು, ಹೇಳಿಕೆ ಕೊಟ್ಟು ಮನೆಗೆ ಹೋಗುತ್ತಾರೆ. ಅದೂ ಅಲ್ಲದಿದ್ದರೆ ಬಂಧಿತರು. ಬಂಧಿತರಾದ ಕ್ಷಣದಿಂದ ಪೊಲೀಸರ ಮೇಲೆ ಒಂದಿಷ್ಟು ಹೊಣೆ ಬೀಳುತ್ತದೆ. ಕಾಗದ ಬರೆಯಬೇಕು, ಮನೆಯವರಿಗೆ ತಿಳಿಸಬೇಕು, ಗಡಿಯಾರ ನೋಡಬೇಕು. ಈ ಹೊಣೆ ತಪ್ಪಿಸಿಕೊಳ್ಳುವುದಕ್ಕೇ ‘ಅರೆಸ್ಟ್ ಮಾಡಿಲ್ಲ’ ಅನ್ನುವ ಮಾತು ಹುಟ್ಟುವುದು. ಅಕ್ರಮ ಬಂಧನ ಅಂದರೆ ಸಿನಿಮಾದಲ್ಲಿ ತೋರಿಸುವ ಹಾಗೆ ಜೀಪಿಗೆ ಎಳೆದು ಹಾಕುವುದೇ ಆಗಬೇಕಿಲ್ಲ. ಬಹಳ ಸಲ ಅದು ಮರದ ಬೆಂಚಿನ ಮೇಲೆ, ಯಾವ ಪುಸ್ತಕದಲ್ಲೂ ಹೆಸರು ಬರೆಯದೆ ನಡೆಯುತ್ತದೆ.

ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ. ದನಿ ಏರಿಸದೆ ಕೇಳಿ: “ಸರ್, ನನ್ನನ್ನ ಅರೆಸ್ಟ್ ಮಾಡಿದ್ದೀರಾ, ಇಲ್ಲ ನಾನು ಹೊರಡಬಹುದಾ?” ‘ಹೌದು, ಅರೆಸ್ಟ್’ ಅಂದರೆ ಮುಂದಿನ ಹಕ್ಕುಗಳೆಲ್ಲ ಜೀವ ಪಡೆಯುತ್ತವೆ. ‘ಇಲ್ಲ’ ಅಂದರೆ ಎದ್ದು ಹೊರಡಬಹುದು. ಎರಡೂ ಹೇಳದೆ ಬಾಗಿಲಿಗೆ ಅಡ್ಡ ನಿಂತರೆ, ಅದು ಬಂಧನವೇ.

ನೋಟಿಸ್ ಎಲ್ಲಿ?

ಬಂಧನ, ತನಿಖೆ ಹೇಗೆ ನಡೆಯಬೇಕು ಅಂತ ಹೇಳುವ ಹಳೆಯ ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) 2024ರ ಜುಲೈ 1ರಿಂದ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ ಬಂದಿದೆ. ಕಲಂಗಳ ನಂಬರ್ ಬದಲಾಗಿವೆ, ತಿರುಳು ಹೆಚ್ಚುಕಡಿಮೆ ಅದೇ.

ಸಾಕ್ಷಿಯಾಗಿ ಕರೆಯಬೇಕಾದರೆ ಕಲಂ 179 ಇದೆ. ಅದರ ಪ್ರಕಾರ ತನಿಖಾಧಿಕಾರಿ ಲಿಖಿತವಾಗಿ ಕರೆಯಬೇಕು. 15 ವರ್ಷದೊಳಗಿನ ಹುಡುಗರು, 60 ದಾಟಿದ ಗಂಡಸರು, ಯಾವುದೇ ವಯಸ್ಸಿನ ಹೆಂಗಸರು, ಅಂಗವಿಕಲರು, ತೀವ್ರ ಕಾಯಿಲೆ ಇರುವವರು ಇವರನ್ನು ಸ್ಟೇಷನ್ನಿಗೆ ಬಾ ಅನ್ನುವ ಹಾಗೇ ಇಲ್ಲ. ಪೊಲೀಸರೇ ಅವರಿರುವ ಜಾಗಕ್ಕೆ ಹೋಗಿ ಕೇಳಬೇಕು. ಅವರೇ ಇಷ್ಟಪಟ್ಟು ಬಂದರೆ ಬೇರೆ ಮಾತು. ‘ತಾಯೀನ ಕರಕೊಂಡು ಬಾ, ಮಗ ಎಲ್ಲಿದ್ದಾನೆ ಅಂತ ಕೇಳಬೇಕು’ ಅನ್ನುವುದು ನಮ್ಮಲ್ಲಿ ಮಾಮೂಲಿ ಆಗಿಬಿಟ್ಟಿದೆ. ಈ ಕಲಂ ಅದಕ್ಕೆ ನೇರ ಅಡ್ಡ ಬರುತ್ತದೆ.

ಆರೋಪಿ ಅಂತ ಕರೆಯಬೇಕಾದರೆ ಕಲಂ 35(3)ರ ನೋಟಿಸ್. ಏಳು ವರ್ಷದವರೆಗೆ ಶಿಕ್ಷೆ ಇರುವ ಅಪರಾಧಗಳಲ್ಲಿ ದೂರು ಬಂದ ತಕ್ಷಣ ಹಿಡಿದು ಒಳಗೆ ಹಾಕುವಂತಿಲ್ಲ. ಓಡಿಹೋಗಬಹುದು, ಸಾಕ್ಷ್ಯ ಕೆಡಿಸಬಹುದು, ಸಾಕ್ಷಿಗಳನ್ನು ಹೆದರಿಸಬಹುದು ಅನ್ನುವಂಥ ಕಾರಣ ಇರಬೇಕು, ಅದನ್ನು ಬರೆದಿಡಬೇಕು. ಇಲ್ಲದಿದ್ದರೆ ನೋಟಿಸ್ ಕೊಟ್ಟು ಕರೆಯಬೇಕು. ಕರೆದಾಗ ಬಂದು ಸಹಕರಿಸುತ್ತಿರುವವರನ್ನು ಬಂಧಿಸಬೇಕಾದರೂ ಕಾರಣ ಬರೆಯಲೇಬೇಕು. ಇದು ಸುಪ್ರೀಂ ಕೋರ್ಟ್ 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಕಟ್ಟುನಿಟ್ಟಾಗಿ ಹೇಳಿದ ಮಾತು. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1994ರ ಜೋಗಿಂದರ್ ಕುಮಾರ್ ತೀರ್ಪಿನಲ್ಲೂ ಇದೇ ದನಿ ಇತ್ತು: ಬಂಧಿಸುವ ಅಧಿಕಾರ ಇರುವುದು ಬೇರೆ, ಬಂಧಿಸುವುದಕ್ಕೆ ಕಾರಣ ಇರುವುದು ಬೇರೆ.

ಈ ನೋಟಿಸನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ನಡೆಯುವುದಿಲ್ಲ ಅಂತ 2025ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಇದು ಗೊತ್ತಿದ್ದರೆ ಇನ್ನೊಂದು ಲಾಭವೂ ಇದೆ. ವಿಡಿಯೋ ಕಾಲ್‌ನಲ್ಲಿ ಯೂನಿಫಾರ್ಮ್ ಹಾಕಿಕೊಂಡು ಕೂತು, “ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಕ್ಯಾಮೆರಾ ಆಫ್ ಮಾಡಬೇಡಿ” ಅನ್ನುವವರು ಇದ್ದಾರಲ್ಲ, ಅಂಥ ಬಂಧನವೇ ಈ ದೇಶದ ಕಾನೂನಿನಲ್ಲಿ ಇಲ್ಲ. ಫೋನ್ ಇಟ್ಟು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ಕೊಡಿ.

ಆದರೆ ಒಂದು ಎಚ್ಚರ. ನೋಟಿಸ್ ಸರಿಯಾಗಿ ಕೈಗೆ ಬಂದ ಮೇಲೂ ಹೋಗದೆ ಕೂತರೆ ಅದೇ ಬಂಧನಕ್ಕೆ ಕಾರಣವಾಗಬಹುದು. ನೋಟಿಸಿನ ಫೋಟೋ ತೆಗೆದು ವಕೀಲರಿಗೆ, ಮನೆಯವರಿಗೆ ಕಳಿಸಿ ಹೋಗಿ. ಎಷ್ಟು ಹೊತ್ತಿಗೆ ಒಳಗೆ ಹೋದಿರಿ ಅಂತಲೂ ಒಬ್ಬರಿಗೆ ಮೆಸೇಜ್ ಹಾಕಿ. ಆ ಮೆಸೇಜಿನ ಮೇಲಿರುವ ಟೈಮ್ ಮುಂದೆ ಎಷ್ಟು ಕೆಲಸಕ್ಕೆ ಬರುತ್ತದೆ ಅನ್ನುವುದನ್ನು ಈಗಲೇ ಹೇಳುತ್ತೇನೆ.

ಗಡಿಯಾರ ಯಾವಾಗ ಶುರುವಾಗುತ್ತದೆ?

ಬಂಧಿಸಿದವರನ್ನು 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಪ್ರಯಾಣದ ಸಮಯ ಮಾತ್ರ ಇದರಲ್ಲಿ ಸೇರುವುದಿಲ್ಲ. ಇದು ಸಂವಿಧಾನದ 22(2)ನೇ ವಿಧಿ, ಬಿಎನ್‌ಎಸ್‌ಎಸ್‌ನ ಕಲಂ 58. ಭಾನುವಾರ, ಹಬ್ಬ, ಕೋರ್ಟ್ ರಜೆ ಯಾವುದೂ ನೆಪ ಆಗುವುದಿಲ್ಲ. ಕೋರ್ಟ್ ಮುಚ್ಚಿದ್ದರೆ ಮ್ಯಾಜಿಸ್ಟ್ರೇಟರ ಮನೆಗೇ ಕರೆದೊಯ್ಯುತ್ತಾರೆ. ಇಷ್ಟು ಬಹಳ ಜನರಿಗೆ ಗೊತ್ತು.

ಗೊತ್ತಿಲ್ಲದಿರುವುದು ಆ 24 ಗಂಟೆಯ ಲೆಕ್ಕ ಎಲ್ಲಿಂದ ಶುರು ಅನ್ನುವುದು. ಸೋಮವಾರ ಬೆಳಗ್ಗೆ ಹತ್ತಕ್ಕೆ ಕರೆದುಕೊಂಡು ಹೋದರು ಅಂದುಕೊಳ್ಳಿ. ಇಡೀ ದಿನ, ಇಡೀ ರಾತ್ರಿ ಕೂರಿಸಿ, ಮಂಗಳವಾರ ಸಂಜೆ ಐದಕ್ಕೆ ‘ಬಂಧಿಸಲಾಯಿತು’ ಅಂತ ಬರೆದರು. ಬುಧವಾರ ಮಧ್ಯಾಹ್ನ ಕೋರ್ಟಿಗೆ ತಂದರು. ಕಾಗದದ ಮೇಲೆ ಎಲ್ಲ ಸರಿಯಾಗೇ ಕಾಣುತ್ತದೆ, ಅಲ್ವಾ? ನಿಜವಾಗಿ ಆ ವ್ಯಕ್ತಿ ಎರಡು ದಿನಕ್ಕಿಂತ ಜಾಸ್ತಿ ಹೊತ್ತು ಒಳಗಿದ್ದ.

ಇಂಥದ್ದೇ ವಾದ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಜಾರಿ ನಿರ್ದೇಶನಾಲಯ (ಇ.ಡಿ.) ದೆಹಲಿ ವಿಮಾನ ನಿಲ್ದಾಣದಲ್ಲಿ ಒಬ್ಬರನ್ನು ತನ್ನ ವಶಕ್ಕೆ ಪಡೆದಿತ್ತು. ಬಂಧನದ ಕಾಗದ ಬರೆದದ್ದು ಆಮೇಲೆ. ಕೋರ್ಟ್ ನೋಡಿದ್ದು ಕಾಗದದ ಸಮಯ ಅಲ್ಲ, ವಶಕ್ಕೆ ಪಡೆದ ಸಮಯ. 24 ಗಂಟೆ ಮೀರಿದ್ದರಿಂದ ಬಂಧನವೇ ಅಕ್ರಮ ಅಂತ ತೀರ್ಮಾನವಾಯಿತು, ಅವರಿಗೆ ಮೊದಲೇ ಸಿಕ್ಕಿದ್ದ ಜಾಮೀನು ಉಳಿಯಿತು. ಅಂದರೆ ನಿಮ್ಮ ಓಡಾಟವನ್ನು ಯಾವಾಗ ತಡೆದರೋ ಆಗ ಗಡಿಯಾರ ಓಡತೊಡಗುತ್ತದೆ.

ಇದನ್ನು ಸಾಬೀತು ಮಾಡುವುದು ಹೇಗೆ? ಒಳಗೆ ಹೋಗುವ ಮುಂಚೆ ಹಾಕಿದ ಮೆಸೇಜ್. ಅಂಗಡಿ ಮುಂದಿನ ಸಿಸಿಟಿವಿ. ಮನೆಯವರು 112ಕ್ಕೆ ಮಾಡಿದ ಕರೆ. ಎಸ್‌ಪಿ ಅಥವಾ ಕಮಿಷನರ್ ಕಚೇರಿಗೆ ಅಂದೇ ಕಳಿಸಿದ ಇಮೇಲ್: ‘ನನ್ನ ಮಗನನ್ನು ಇಂಥ ಹೊತ್ತಿಗೆ ಇಂಥ ಠಾಣೆಯವರು ಕರೆದುಕೊಂಡು ಹೋಗಿದ್ದಾರೆ, ಕಾರಣ ಹೇಳಿಲ್ಲ.’ ಎರಡು ಸಾಲು ಸಾಕು, ಭಾಷೆ ಚೆನ್ನಾಗಿರಬೇಕು ಅಂತೇನಿಲ್ಲ. ವಾರ ಬಿಟ್ಟು ಬರೆದ ಹತ್ತು ಪುಟದ ದೂರಿಗಿಂತ ಅಂದಿನ ಎರಡು ಸಾಲಿಗೆ ಬೆಲೆ ಜಾಸ್ತಿ.

ಬಂಧಿಸಿದ ಮೇಲೆ ಕೈಗೆ ಬರಬೇಕಾದ ಕಾಗದ

ಪೊಲೀಸ್ ಕಸ್ಟಡಿಯ ಸಾವುಗಳ ಬಗ್ಗೆ ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಮುಖ್ಯಸ್ಥ ಡಿ.ಕೆ. ಬಸು ಬರೆದ ಒಂದು ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯಾಗಿ ತೆಗೆದುಕೊಂಡಿತ್ತು. 1996ರಲ್ಲಿ ಅದರ ತೀರ್ಪು ಬಂತು. ಹನ್ನೊಂದು ಸೂಚನೆಗಳು ಹೊರಬಿದ್ದವು. ಅವುಗಳಲ್ಲಿ ಬಹುಪಾಲು ಈಗ ಕಾನೂನಿನ ಒಳಗೇ ಇವೆ. ಬಂಧಿಸುವ ಅಧಿಕಾರಿಯ ಹೆಸರು ಕಾಣುವ ಹಾಗೆ ಇರಬೇಕು. ಬಂಧನದ ಮೆಮೊ ಬರೆಯಬೇಕು. ಅದಕ್ಕೆ ಮನೆಯವರೊಬ್ಬರೋ ಆ ಬಡಾವಣೆಯ ಗಣ್ಯರೊಬ್ಬರೋ ಸಾಕ್ಷಿ ಹಾಕಬೇಕು. ಬಂಧಿತರು ಸಹಿ ಮಾಡಬೇಕು. ಇಷ್ಟೂ ಕಲಂ 36ರಲ್ಲಿದೆ.

ಆ ಸಹಿ ಮಾಡುವಾಗ ಒಂದು ನಿಮಿಷ ತಡೆಯಿರಿ. ಮೆಮೊದಲ್ಲಿ ಬರೆದ ಸಮಯ ಓದಿ. ತಪ್ಪಿದ್ದರೆ, ಸಹಿಯ ಪಕ್ಕದಲ್ಲಿ ನಿಮ್ಮ ಕೈಬರಹದಲ್ಲೇ ಬರೆಯಿರಿ: ‘ನನ್ನನ್ನು ಕರೆತಂದದ್ದು ಸೋಮವಾರ ಬೆಳಗ್ಗೆ 10ಕ್ಕೆ.’ ಬರೆಯಲು ಬಿಡದಿದ್ದರೆ ಅದನ್ನು ನೆನಪಿಟ್ಟುಕೊಂಡು ಮ್ಯಾಜಿಸ್ಟ್ರೇಟರಿಗೆ ಹೇಳಿ. ಖಾಲಿ ಹಾಳೆಗೆ ಮಾತ್ರ ಯಾವ ಕಾರಣಕ್ಕೂ ಸಹಿ ಬೇಡ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ನಿಮ್ಮ ಹೇಳಿಕೆಗೂ ಸಹಿ ಹಾಕಬೇಕಿಲ್ಲ. ಹಾಕಿಸಿಕೊಳ್ಳಬಾರದು ಅಂತಲೇ ಕಲಂ 181 ಹೇಳುತ್ತದೆ.

ಇನ್ನೊಂದು ಕಾಗದ ಇದಕ್ಕಿಂತ ಮುಖ್ಯ. ಯಾಕೆ ಬಂಧಿಸಿದ್ದೀರಿ ಅನ್ನುವುದಕ್ಕೆ ಉತ್ತರ. ‘ಕಲಂ ಇಷ್ಟು, ಕ್ರೈಂ ನಂಬರ್ ಇಷ್ಟು’ ಅಂದರೆ ಅದು ಕಾರಣ ಹೇಳಿದ ಹಾಗಲ್ಲ. ಯಾವ ದಿನ, ಏನು ಮಾಡಿದಿರಿ ಅನ್ನುವ ಆರೋಪ ಇದೆ, ಅದರಲ್ಲಿ ನಿಮ್ಮ ಪಾತ್ರ ಏನು ಅಂತ ತಿಳಿಯಬೇಕು. 2023ರ ಪಂಕಜ್ ಬನ್ಸಲ್ ತೀರ್ಪಿನಿಂದ ಶುರುವಾಗಿ ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಹಂತ ಹಂತವಾಗಿ ಬಿಗಿಯಾಗಿದೆ. 2025ರ ಫೆಬ್ರವರಿಯಲ್ಲಿ ಬಂದ ವಿಹಾನ್ ಕುಮಾರ್ ತೀರ್ಪಿನಲ್ಲಿ, ಕಾರಣ ತಿಳಿಸದಿದ್ದರೆ ಬಂಧನವೇ ಬಿದ್ದುಹೋಗುತ್ತದೆ ಅಂತ ಹೇಳಿತು. ಆ ಪ್ರಕರಣದಲ್ಲಿ ಆರೋಪಿಯನ್ನು ಆಸ್ಪತ್ರೆಯಲ್ಲಿ ಕೋಳ ಹಾಕಿ ಮಂಚಕ್ಕೆ ಸರಪಳಿಯಲ್ಲಿ ಕಟ್ಟಿದ್ದರು. ಅದೇ ವರ್ಷದ ನವೆಂಬರಿನಲ್ಲಿ ಇನ್ನೊಂದು ಹೆಜ್ಜೆ: ಅಪರಾಧ ಯಾವುದೇ ಇರಲಿ, ಕಾರಣವನ್ನು ಬರವಣಿಗೆಯಲ್ಲಿ, ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಸ್ಥಳದಲ್ಲೇ ಬರೆದುಕೊಡಲು ಆಗದಿದ್ದರೆ ಬಾಯಲ್ಲಿ ಹೇಳಿ, ಮ್ಯಾಜಿಸ್ಟ್ರೇಟರ ಮುಂದೆ ರಿಮ್ಯಾಂಡಿಗೆ (ಕಸ್ಟಡಿ ಮುಂದುವರಿಸಬೇಕಾ ಅಂತ ತೀರ್ಮಾನಿಸುವುದಕ್ಕೆ) ನಿಲ್ಲಿಸುವ ಕನಿಷ್ಠ ಎರಡು ಗಂಟೆ ಮೊದಲು ಕಾಗದ ಕೊಡಬೇಕು. ಕನ್ನಡ ಮಾತ್ರ ಬಲ್ಲವರ ಕೈಗೆ ಇಂಗ್ಲಿಷ್ ಹಾಳೆ ಕೊಟ್ಟು ‘ಕೊಟ್ಟಾಯಿತು’ ಅನ್ನುವುದು ಇನ್ನು ಕಷ್ಟ.

ಮನೆಯವರಿಗೋ ಸ್ನೇಹಿತರಿಗೋ ವಿಷಯ ಮುಟ್ಟಿಸುವುದು ಪೊಲೀಸರ ಕೆಲಸ, ಕಲಂ 48. ವಿಚಾರಣೆ ನಡೆಯುವಾಗ ನಿಮ್ಮಿಷ್ಟದ ವಕೀಲರನ್ನು ಭೇಟಿ ಮಾಡಬಹುದು, ಕಲಂ 38. ಆದರೆ ಇಡೀ ವಿಚಾರಣೆಯ ಹೊತ್ತು ಅವರು ಪಕ್ಕದಲ್ಲೇ ಕೂರುವ ಹಕ್ಕಿಲ್ಲ. ವಕೀಲರಿಗೆ ಕೊಡುವಷ್ಟು ದುಡ್ಡಿಲ್ಲ ಅಂದರೆ ಉಚಿತ ಕಾನೂನು ನೆರವು ಇದೆ. ಕಸ್ಟಡಿಯಲ್ಲಿರುವವರಿಗೆ ಆದಾಯದ ಮಿತಿ ನೋಡದೆ ಅದು ಸಿಗುತ್ತದೆ. ಸಹಾಯವಾಣಿ 15100. ವೈದ್ಯಕೀಯ ತಪಾಸಣೆ ಕಡ್ಡಾಯ. ಡಾಕ್ಟರ ಮುಂದೆ ಗಾಯ ಇದ್ದರೆ ತೋರಿಸಿ, ಬರೆಸಿ. ‘ಬಿದ್ದೆ’ ಅಂತ ಹೇಳಿಸುವ ಒತ್ತಡ ಬರಬಹುದು.

ಜಾಮೀನು ಸಿಗುವ ಅಪರಾಧ, ಅಂದರೆ ಬೇಲಬಲ್ ಆಗಿದ್ದರೆ ಕೋರ್ಟಿನವರೆಗೂ ಹೋಗಬೇಕಿಲ್ಲ. ಸ್ಟೇಷನ್ ಬೇಲ್ ಅನ್ನುವುದು ಠಾಣಾಧಿಕಾರಿಯ ದಯೆ ಅಲ್ಲ, ನಿಮ್ಮ ಹಕ್ಕು.

ಮಾತು, ಮೌನ, ಮೊಬೈಲ್

ಹೆಸರು, ವಿಳಾಸ ಸರಿಯಾಗಿ ಹೇಳಿ. ಅದರಲ್ಲಿ ಸುಳ್ಳು ಹೇಳಿ ಸಾಧಿಸುವುದೇನೂ ಇಲ್ಲ. ಆದರೆ ನಿಮ್ಮನ್ನೇ ಸಿಕ್ಕಿಸುವ ಪ್ರಶ್ನೆಗೆ ಉತ್ತರ ಕೊಡದೆ ಇರಬಹುದು. ಸಂವಿಧಾನದ 20(3)ನೇ ವಿಧಿ ಇರುವುದೇ ಅದಕ್ಕೆ. ಪೊಲೀಸ್ ಅಧಿಕಾರಿಯ ಮುಂದೆ ‘ತಪ್ಪೊಪ್ಪಿಕೊಂಡೆ’ ಅಂದದ್ದು ಕೋರ್ಟಿನಲ್ಲಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಆ ಹೇಳಿಕೆಯಿಂದ ಒಂದು ವಸ್ತು ಪತ್ತೆಯಾದರೆ ಅಷ್ಟು ಭಾಗಕ್ಕೆ ಮಾತ್ರ ಬೆಲೆ. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆಗಳನ್ನು ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದು ನಮ್ಮ ರಾಜ್ಯದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ.

ಮೊಬೈಲಿನ ವಿಷಯ ಸ್ವಲ್ಪ ಗೋಜಲು. ರಸ್ತೆಯಲ್ಲಿ ನಿಲ್ಲಿಸಿ ‘ಫೋನ್ ಕೊಡು, ವಾಟ್ಸ್ಆ್ಯಪ್ ತೆಗಿ’ ಅನ್ನುವುದಕ್ಕೆ ಕಾನೂನಿನ ಆಸರೆ ಇಲ್ಲ. 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕು ಅಂತ ಹೇಳಿದ ಮೇಲಂತೂ ಇಲ್ಲ. ಆದರೆ ಪ್ರಕರಣ ದಾಖಲಾಗಿ, ಫೋನ್ ತನಿಖೆಗೆ ಬೇಕಾಗಿದ್ದರೆ ಕತೆ ಬೇರೆ. ಕರ್ನಾಟಕ ಹೈಕೋರ್ಟ್ 2021ರ ಒಂದು ತೀರ್ಪಿನಲ್ಲಿ ಎರಡೂ ಕಡೆ ತೂಗಿ ನೋಡಿತು. ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಅಂದಿತು. ಹಾಗಂತ ತನಿಖಾಧಿಕಾರಿ ಬಲವಂತ ಮಾಡುವಂತಿಲ್ಲ, ಆರೋಪಿ ಒಪ್ಪದಿದ್ದರೆ ಕೋರ್ಟಿಗೆ ಹೋಗಿ ಸರ್ಚ್ ವಾರಂಟ್ ತರಬೇಕು ಅಂತಲೂ ಹೇಳಿತು. ಹಾಗಾಗಿ ‘ಕೋರ್ಟ್ ಆದೇಶ ತೋರಿಸಿ ಸರ್, ಕೊಡ್ತೀನಿ’ ಅನ್ನುವುದು ಉದ್ಧಟತನ ಅಲ್ಲ.

ರಸ್ತೆಯ ತಪಾಸಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅಲ್ಲಿ ಜಗಳ ಜಾಸ್ತಿ, ಕಾನೂನು ಕಡಿಮೆ. ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದರೆ ಲೈಸೆನ್ಸ್ ತೋರಿಸಬೇಕು. ಡಿಜಿಲಾಕರ್‌ನಲ್ಲಿರುವುದು ಸಾಕು. ಲೈಸೆನ್ಸ್, ನೋಂದಣಿ ಇಲ್ಲದೆ ಓಡಿಸುತ್ತಿದ್ದರೆ ಗಾಡಿ ವಶಕ್ಕೆ ಪಡೆಯುವ ಅಧಿಕಾರ ಮೋಟಾರು ವಾಹನ ಕಾಯ್ದೆಯ ಕಲಂ 207ರಲ್ಲಿದೆ. ಕುಡಿದಿರುವ ಅನುಮಾನದ ಮೇಲೆ ಊದಲು ಹೇಳಿದಾಗ ಊದದೆ ಹಟ ಹಿಡಿದರೆ ಬಂಧಿಸಲೂಬಹುದು. ದಂಡ ಕಟ್ಟಿದರೆ ರಸೀದಿ ತೆಗೆದುಕೊಳ್ಳಿ.

ಹೆಂಗಸರು, ವಯಸ್ಸಾದವರು, ಮಕ್ಕಳು

ಸೂರ್ಯ ಮುಳುಗಿದ ಮೇಲೆ, ಮೂಡುವ ಮೊದಲು ಹೆಂಗಸರನ್ನು ಬಂಧಿಸುವಂತಿಲ್ಲ. ತೀರಾ ಅಪರೂಪದ ಸಂದರ್ಭದಲ್ಲಿ ಮಹಿಳಾ ಅಧಿಕಾರಿಯೇ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಬಂಧಿಸಬಹುದು. ಮೈ ತಪಾಸಣೆಯನ್ನು ಹೆಂಗಸರೇ ಮಾಡಬೇಕು. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ, 60 ದಾಟಿದವರನ್ನೋ ಕಾಯಿಲೆಯಿಂದ ಬಳಲುವವರನ್ನೋ ಹಿಡಿಯಬೇಕಾದರೆ ಡಿವೈಎಸ್‌ಪಿ ದರ್ಜೆಯವರ ಅನುಮತಿ ಬೇಕು. ಇದು ಹೊಸ ಕಾನೂನು ತಂದ ಒಳ್ಳೆಯ ಬದಲಾವಣೆ. 18 ತುಂಬದವರನ್ನು ಲಾಕಪ್ಪಿಗೆ ಹಾಕುವ ಹಾಗೇ ಇಲ್ಲ, ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು.

ಅದೇ ಹೊಸ ಕಾನೂನು ಪೊಲೀಸರ ಕೈಗೂ ಬಲ ಕೊಟ್ಟಿದೆ. ಕೊಲೆ, ಅತ್ಯಾಚಾರ, ಭಯೋತ್ಪಾದನೆಯಂಥ ಅಪರಾಧಗಳಲ್ಲಿ ಕೈಕೋಳ ಹಾಕಬಹುದು ಅಂತ ಕಲಂ 43(3) ಒಪ್ಪಿದೆ. ಪೊಲೀಸರ ಕಾನೂನುಬದ್ಧ ಸೂಚನೆ ಪಾಲಿಸದವರನ್ನು ತಡೆಹಿಡಿಯಬಹುದು ಅನ್ನುವ ಕಲಂ 172 ಕೂಡ ಹೊಸದು. ಸಣ್ಣ ವಿಷಯವಾದರೆ 24 ಗಂಟೆಯೊಳಗೆ ಬಿಡಬೇಕು ಅನ್ನುವುದು ಅದರ ಮಿತಿ. ‘ಕೂರಿಸಿಕೊಳ್ಳುವ’ ಹಳೆಯ ಚಾಳಿಗೆ ಇದೇ ಹೊಸ ಮುಖವಾಡ ಆದೀತು ಅನ್ನುವ ಅನುಮಾನ ನನಗಿದೆ. ಗೂಂಡಾ ಕಾಯ್ದೆಯಂಥ ಮುನ್ನೆಚ್ಚರಿಕೆ ಬಂಧನದ ದಾರಿಯಂತೂ ಪೂರ್ತಿ ಬೇರೆ, ಅಲ್ಲಿ 24 ಗಂಟೆಯ ನಿಯಮವೇ ಇಲ್ಲ.

ಆದರೂ ಚೆಕ್ ಬೌನ್ಸ್ ಕೇಸಿನವರಿಗೆ ಕೋಳ ಹಾಕಿ ಬೀದಿಯಲ್ಲಿ ನಡೆಸುವುದು ಇಂದಿಗೂ ತಪ್ಪೇ. ಹೀಗೆ ಮಾಡಿಸಿಕೊಂಡ ಒಬ್ಬ ಕಾನೂನು ವಿದ್ಯಾರ್ಥಿಗೆ 2022ರಲ್ಲಿ ಕರ್ನಾಟಕ ಹೈಕೋರ್ಟ್ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

ತಪ್ಪು ನಡೆದರೆ ಎಲ್ಲಿಗೆ ಹೋಗಬೇಕು?

ಸ್ಟೇಷನ್ನಿನಲ್ಲೇ ತಳ್ಳಾಟಕ್ಕೆ ನಿಲ್ಲಬೇಡಿ. ಬಂಧನ ಅಕ್ರಮವೇ ಇರಲಿ, ಕೈ ಎತ್ತಿದರೆ ಸರ್ಕಾರಿ ನೌಕರರ ಮೇಲೆ ಹಲ್ಲೆ ಅನ್ನುವ ಇನ್ನೊಂದು ಕೇಸು ಬೀಳುತ್ತದೆ, ಮೊದಲಿನ ತಪ್ಪು ಅದರ ಅಡಿಯಲ್ಲಿ ಮುಚ್ಚಿಹೋಗುತ್ತದೆ.

ಹೇಳಬೇಕಾದ ಜಾಗ ಮ್ಯಾಜಿಸ್ಟ್ರೇಟರ ಮುಂದೆ. ರಿಮ್ಯಾಂಡ್ ಅಂದರೆ ಬರೀ ಸಹಿ ಹಾಕುವ ಶಾಸ್ತ್ರ ಅಲ್ಲ. ಬಂಧನದ ಕಾರಣ ತಿಳಿಸಿದ್ದಾರಾ ಅಂತ ನೋಡುವುದು ಮ್ಯಾಜಿಸ್ಟ್ರೇಟರ ಕರ್ತವ್ಯ ಅಂತ ವಿಹಾನ್ ಕುಮಾರ್ ತೀರ್ಪು ಹೇಳಿದೆ. ಆದರೆ ಅಲ್ಲಿ ನಿಮ್ಮ ಸರದಿ ಬಂದು ಹೋಗುವುದು ಎರಡು ನಿಮಿಷದಲ್ಲಿ. “ತೊಂದರೆ ಏನಾದರೂ ಇದೆಯಾ?” ಅಂತ ಕೇಳುತ್ತಾರೆ. ಪಕ್ಕದಲ್ಲೇ ಪೊಲೀಸರು ನಿಂತಿರುತ್ತಾರೆ. ಬಹಳ ಜನ ಅಲ್ಲೇ ‘ಏನಿಲ್ಲ ಸ್ವಾಮಿ’ ಅಂದುಬಿಡುತ್ತಾರೆ. ಅದು ದಾಖಲಾಗುತ್ತದೆ, ಮುಂದೆ ಪ್ರತಿ ಕೋರ್ಟಿನಲ್ಲೂ ಅದನ್ನೇ ಎತ್ತಿ ತೋರಿಸುತ್ತಾರೆ. ಹಾಗಾಗಿ ಮೂರು ವಿಷಯ ಬಾಯಿಪಾಠ ಮಾಡಿಕೊಂಡು ಹೋಗಿ: ಯಾವ ಹೊತ್ತಿಗೆ ಹಿಡಿದರು, ಕಾರಣ ಬರೆದು ಕೊಟ್ಟರಾ, ಹೊಡೆದರಾ.

ಆಸಾಮಿ ಎಲ್ಲಿದ್ದಾನೆ ಅಂತಲೇ ಹೇಳುತ್ತಿಲ್ಲ ಅಂದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಅಂತ ಕೇಳುವ ಅರ್ಜಿ. ಬಂಧಿತರ ಪರವಾಗಿ ತಾಯಿ, ಹೆಂಡತಿ, ಗೆಳೆಯ ಯಾರು ಬೇಕಾದರೂ ಹಾಕಬಹುದು. ಅರ್ಜಿ ಹಾಕುತ್ತಿದ್ದಾರಂತೆ ಅನ್ನುವ ಸುದ್ದಿ ಮುಟ್ಟಿದ ಕೂಡಲೇ ‘ಆಸಾಮಿ’ ಮನೆಗೆ ಬಂದು ಸೇರುವುದೂ ಉಂಟು.

ಪರಿಹಾರ ಕೇಳುವ ದಾರಿಯೂ ಇದೆ. ಜಮ್ಮು ಕಾಶ್ಮೀರದ ಶಾಸಕ ಭೀಮ್ ಸಿಂಗ್ ವಿಧಾನಸಭೆಯ ಅಧಿವೇಶನಕ್ಕೆ ಹೋಗುವಾಗ ಅವರನ್ನು ಹಿಡಿದಿಟ್ಟಿದ್ದಕ್ಕೆ ಸುಪ್ರೀಂ ಕೋರ್ಟ್ 1985ರಲ್ಲಿ 50,000 ರೂಪಾಯಿ ಕೊಡಿಸಿತು. ಕಾನೂನಿಗೆ ವಿರುದ್ಧ ಅಂತ ಗೊತ್ತಿದ್ದೂ ಕೂಡಿಹಾಕಿದ ಅಧಿಕಾರಿಗೆ, ಅಪರಾಧ ಮತ್ತು ಶಿಕ್ಷೆಗಳನ್ನು ಹೇಳುವ ಭಾರತೀಯ ನ್ಯಾಯ ಸಂಹಿತೆಯ ಕಲಂ 258ರಲ್ಲಿ ಏಳು ವರ್ಷದವರೆಗೆ ಶಿಕ್ಷೆ ಇದೆ. ಅಷ್ಟು ದೂರ ಹೋಗುವ ಕೇಸುಗಳು ಕಡಿಮೆ, ಅದು ಬೇರೆ ಮಾತು. ರಾಜ್ಯದ ಪೊಲೀಸ್ ದೂರು ಪ್ರಾಧಿಕಾರಕ್ಕೆ, ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಬಹುದು. ಆಯೋಗಕ್ಕೆ ಹೋಗುವುದಾದರೆ ಘಟನೆ ನಡೆದ ಒಂದು ವರ್ಷದೊಳಗೆ ಹೋಗಬೇಕು.

ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಇನ್ನೊಂದಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಯ ಬಾಗಿಲು, ಲಾಕಪ್, ಪಡಸಾಲೆ ಎಲ್ಲ ಕಡೆ ಸಿಸಿಟಿವಿ ಇರಬೇಕು, ರೆಕಾರ್ಡಿಂಗ್ 18 ತಿಂಗಳು ಉಳಿಯಬೇಕು ಅಂತ ಆದೇಶ ಮಾಡಿದೆ. ಉಪಕರಣ ಅಷ್ಟು ದಿನ ಹಿಡಿಯದಿದ್ದರೂ ಒಂದು ವರ್ಷಕ್ಕಿಂತ ಕಡಿಮೆ ಆಗಬಾರದು. ಹೊರಗೆ ಬಂದ ದಿನವೇ ಠಾಣಾಧಿಕಾರಿಗೆ ಒಂದು ಅರ್ಜಿ, ಎಸ್‌ಪಿಗೆ ಅದರ ನಕಲು ಕೊಡಿ: ಇಂಥ ದಿನ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗಿನ ದೃಶ್ಯ ಅಳಿಸಬೇಡಿ, ಕೋರ್ಟಿಗೆ ಬೇಕಾಗುತ್ತದೆ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನವಾಗಿಡಿ. ಆಮೇಲೆ ಕೋರ್ಟಿನಲ್ಲಿ ‘ಕ್ಯಾಮೆರಾ ಕೆಟ್ಟಿತ್ತು’ ಅಂದರೆ, ಯಾವತ್ತು ಕೆಟ್ಟಿತು, ಯಾರಿಗೆ ವರದಿ ಮಾಡಿದಿರಿ ಅನ್ನುವ ಪ್ರಶ್ನೆಗೆ ಅವರೇ ಉತ್ತರ ಕೊಡಬೇಕಾಗುತ್ತದೆ.